ಸರ್ವೆ ಕೊಂಬೆಯೂ ಸೊಸೆಯ ಕರ್ಜಿಕಾಯಿಯೂ

ಗದಗದ ಕಡೆ ಒಂದೂರು, ಪ್ರಿಯರೇ. ಆ ಊರಿನ ಕ್ರೈಸ್ತ ಸಭೆಯಲ್ಲಿ ಸತ್ಯಮಿತ್ರಪ್ಪ ಅಂತ ಒಬ್ಬ ಸಿರಿವಂತ ಹಿರಿಯನಿದ್ದ. ಒಳ್ಳೆಯವನೇ. ಆದರೆ ನೋಡಿ, ಆ ವರ್ಷ ಯಾರೋ ಅವನ ಮೊಬೈಲಿಗೆ ಒಂದು ಭಾಷಣ ಕಳಿಸಿದರು. ಕ್ರಿಸ್‌ಮಸ್ ಮರ ಯಾರದು? ಯೇಸುವನ್ನು ಅರಿಯದ ಅನ್ಯಜನ ಚಳಿಗಾಲದಲ್ಲಿ ಮನೆಗೆ ತರುತ್ತಿದ್ದ ಹಸಿರು ಕೊಂಬೆ. ಡಿಸೆಂಬರ್ ಇಪ್ಪತ್ತೈದು ಯಾರದು? ರೋಮಿನವರ ಸೂರ್ಯದೇವರದು. ಇರಬಹುದಪ್ಪಾ, ನಾನು ಅಲ್ಲವೆನ್ನುವುದಿಲ್ಲ.

ಹಿರಿಯನಿಗೆ ತಲೆ ಕೆಟ್ಟಿತು. ಹಬ್ಬದ ಹಿಂದಿನ ದಿನ, ಪಡಸಾಲೆಯಲ್ಲಿ ಕ್ರಿಸ್‌ಮಸ್ ಮರವೆಂದು ನಿಲ್ಲಿಸಿದ್ದ ಸರ್ವೆ ಕೊಂಬೆಯನ್ನು ಹಿತ್ತಲಿಗೆ ಎಸೆದ. ಬಾಗಿಲ ಮೇಲಿನ ನಕ್ಷತ್ರ ಇಳಿಸಿದ.

"ಹೊರಗಿಂದ ಬಂದದ್ದೆಲ್ಲಾ ಹೊರಗ!"

ಹೆಂಡತಿ ಮಾರ್ತವ್ವ ಒಳಗಿನಿಂದಲೇ ಕೂಗಿದಳು: "ಅಲ್ರೀ, ನನ್ನ ಕೊರಳಾಗಿನ ತಾಳಿ ಏನು ಬೈಬಲಿನ್ಯಾಗಿಂದ ಬಂದೈತೇನು? ಬಿಚ್ಚಿ ಕೊಡ್ಲೇನು?"

"ನೀ ಸುಮ್ಕಿರು!"

ಅಡುಗೆಮನೆಯಲ್ಲಿ ಹೊಸ ಸೊಸೆ ಶಿವಲೀಲಾ ಕರ್ಜಿಕಾಯಿಯ ಅಂಚು ಮಡಚುತ್ತಾ ಕೂತಿದ್ದಳು. ಹಿಂದೂ ಮನೆಯ ಹುಡುಗಿ, ಗಂಡನ ಮನೆಯಲ್ಲಿ ಇದೇ ಮೊದಲ ಕ್ರಿಸ್‌ಮಸ್. ದೀಪಾವಳಿಗೆ ಅವ್ವ ಕೈಹಿಡಿದು ಕಲಿಸಿದ್ದ ಅಂಚು ಅದು.

"ಇದೂ ಅನ್ಯರ ಹಬ್ಬದ್ದ ಅಲ್ಲೇನು?" ಎಂದ ಹಿರಿಯ, ಅಲ್ಲಿಗೂ ಬಂದು.

ಸೊಸೆಯ ಬೆರಳುಗಳು ನಿಂತವು. "ಹೌದ್ರೀ ಮಾವಾರ. ನಾನೂ ಅಲ್ಲಿಂದನ ಬಂದಾಕಿ. ಇದನ್ನ ಹೊರಗ ಹಾಕಿದ್ರ, ನಾ ಎಲ್ಲಿ ಕುಂದರ್ಲಿ?"

ಹಿರಿಯನೋ, ದಿನಾ ಬೆಳಿಗ್ಗೆ ಬೈಬಲ್ ಓದುವ ಮನುಷ್ಯ; ಓದಿದ್ದು ಈಗ ನೆನಪಾಯಿತು. ಯೇಸುವಿನ ವಂಶಾವಳಿಯಲ್ಲಿ ರೂತಳೆಂಬ ಸೊಸೆಯ ಹೆಸರಿದೆ. ಮೋವಾಬಿನವಳು, ಬೇರೆ ದೇವರ ಊರಿನವಳು. ಆ ಸೊಸೆಯನ್ನು ಬಾಗಿಲಲ್ಲೇ ತಡೆದಿದ್ದರೆ ಅವಳ ಮರಿಮಗ ದಾವೀದನೆಲ್ಲಿ, ಯೇಸು ಹುಟ್ಟಿದ ಬೆತ್ಲೆಹೇಮಿನ ಗೋದಲಿಯೆಲ್ಲಿ?

ಹಿರಿಯ ಹಿತ್ತಲಿಗೆ ಹೋಗಿ ಕೊಂಬೆಯ ಮಣ್ಣು ಕೊಡವಿ ಒಳಗೆ ತಂದ. ನಕ್ಷತ್ರವನ್ನು ಸೊಸೆಯ ಕೈಗಿಟ್ಟು, ತಾನು ಸ್ಟೂಲು ಹಿಡಿದು ನಿಂತ.

"ನೀನ ಕಟ್ಟವ್ವಾ."

"ಅಂತೂ ನನ್ನ ತಾಳಿ ಉಳೀತು!" ಎಂದು ನಕ್ಕಳು ಮಾರ್ತವ್ವ.

ಪ್ರಿಯರೇ, ನಮ್ಮ ಸಭೆಗೆ ಹೊರಗಿನಿಂದ ಬಾರದವರು ಯಾರು? ನನ್ನ ಅಜ್ಜ ಬಂದ, ನಿಮ್ಮ ಮುತ್ತಜ್ಜಿ ಬಂದಳು. ಕರ್ತನು ಬೇಡ ಅಂದನೇ? ಈಗ ಮನೆಗೆ ಹೋಗುತ್ತೀರಲ್ಲ, ಸೊಸೆಯ ತವರಿನ ಅಡುಗೆಗೆ ಹೆಸರಿಡುವ ನಾಲಿಗೆಯನ್ನು ಇವತ್ತೇ ಕಟ್ಟಿಹಾಕಿ. ಪಕ್ಕದ ಮನೆಯವರು ದೀಪಾವಳಿಗೆ ಕೊಟ್ಟ ಡಬ್ಬಿ ಇನ್ನೂ ನಿಮ್ಮ ಕಪಾಟಿನಲ್ಲೇ ಇದೆಯೇ? ಇದೆ, ನನಗೆ ಗೊತ್ತು. ಹಬ್ಬದ ತಿಂಡಿ ತುಂಬಿಸಿ, ನೀವೇ ಹೋಗಿ ಕೊಟ್ಟು, ಎರಡು ಗಳಿಗೆ ಕೂತು ಬನ್ನಿ. ಮತ್ತೆ ಈ ಸಲ ನಕ್ಷತ್ರವನ್ನು ಮನೆಗೆ ಹೊಸದಾಗಿ ಬಂದವಳೇ ಕಟ್ಟಲಿ.

ನೀವು ಸ್ಟೂಲು ಹಿಡಿದುಕೊಳ್ಳಿ.