ಚಪ್ಪಾಳೆ ಹೊಡೆದ ಕೈ

ಸಂಡೂರು ಬಸ್‌ಸ್ಟ್ಯಾಂಡಿನಲ್ಲಿ ಹೊಸಪೇಟೆ ಬಸ್ಸಿಗೆ ಕಾಯುತ್ತಿದ್ದ ಸೌಜನ್ಯ, ಹಿಂದಿನ ಬೆಂಚಿನ ಹೆಂಗಸಿನ ದನಿ ಕೇಳಿ ಮೊಬೈಲಿನಿಂದ ತಲೆ ಎತ್ತಿದಳು. ಗಣಿ ವಿಸ್ತರಣೆಯ ಬಗ್ಗೆ ಊರವರ ಅಭಿಪ್ರಾಯ ಕೇಳುವ ಸಭೆ ಮುಗಿಸಿಕೊಂಡು ಬಂದ ಗಂಡ ಹೆಂಡತಿ ಅವರು.

“ಗಣಿ ದೊಡ್ಡದು ಮಾಡ್ತೀವಿ ಅಂದ್ರ ನೀವ್ಯಾಕ ಚಪ್ಪಾಳಿ ಹೊಡದ್ರಿ?”

“ಭಾಷಣ ಮುಗೀತಲ್ಲ ಎಲ್ಲಮ್ಮ, ಎಲ್ಲಾರೂ ಹೊಡದ್ರು, ನಾನೂ ಹೊಡದೆ.”

“ಊರೋರು ಒಪ್ಪಿದ್ರು ಅಂತ ಅವ್ರು ಬರಕಂಡ್ರು.”

“ಹಂಗ ಬರಕಂತಾರಂತ ನನಗೇನು ಗೊತ್ತು?”

“ಮಾಳಿಗಿ ಮ್ಯಾಲ ಹಾಕಿದ ಸಂಡಿಗಿ ಧೂಳಿಗೆ ಕೆಂಪಗಾಗೋದು ಗೊತ್ತಿಲ್ಲೇನು? ನಿಮ್ಮವ್ವ ಕೆಮ್ಮೋದು ಗೊತ್ತಿಲ್ಲೇನು?”

“ಊರ ಹುಡುಗ್ರಿಗೆ ಕೆಲಸ ಕೊಡ್ತೀವಿ ಅಂದಾರ.”

“ಹಿಂದಿನ ಸಲಾನೂ ಅಂದಿದ್ರು. ನಮ್ಮ ಜಂಬುನಾಥ ಐಟಿಐ ಓದಿ, ಗಣಿ ಗೇಟಿನಾಗ ನಿಂತು ಸಾಹೇಬ್ರ ಕಾರಿಗೆ ಸಲಾಮ್ ಹೊಡೀತಾನ. ಮಗ ಸಲಾಮ್, ಅಪ್ಪ ಚಪ್ಪಾಳಿ!”

“ಮೆಲ್ಲಕ ಮಾತಾಡು, ಮಂದಿ ನೋಡಾಕತ್ತಾರ.”

“ನೋಡ್ಲಿ. ಧೂಳಿನ ಮಾತು ಹೇಳಾಕ ನಾ ಎದ್ದು ನಿಂತಾಗ ಸೆರಗು ಹಿಡದು ಕುಂದ್ರಿಸಿದ್ರಲ್ಲ, ಆಗ ಮಂದಿ ಇರಲಿಲ್ಲೇನು?”

ಅಷ್ಟರಲ್ಲಿ ಬಂಡ್ರಿ ಬಸ್ಸು ಬಂತು. ಗಾಜಿನಿಂದ ಗಾಲಿಯವರೆಗೂ ಅದಿರಿನ ಧೂಳು ಮೆತ್ತಿಕೊಂಡು ಅದರ ಬಣ್ಣವೇ ಮರೆಯಾಗಿತ್ತು. ಇಬ್ಬರೂ ಹತ್ತಿದರು. ಬಸ್ಸು ಹೊರಡುವಾಗ ತೆರೆದ ಕಿಟಕಿಯಿಂದ ಅದೇ ದನಿ ಸೌಜನ್ಯಳಿಗೆ ಮತ್ತೆ ಕೇಳಿಸಿತು:

“ಯಾಕ ನಿಂತ್ರಿ? ಅಲ್ಲಿ ಹೊಡದ ಕೈಲೇ ಈ ಸೀಟಿಗೂ ಎರಡು ಹೊಡೀರಿ. ಧೂಳು ಹೋದ್ರ ಕುಂದ್ರೋಣು.”