ಮಂದಾಕಿನಿಬಾಯಿಯನ್ನು ಕೇಳಿದ್ದು

ಸಭೆಯ ಅಧ್ಯಕ್ಷರೂ ನಮ್ಮ ಸಂಘದ ಹಿರಿಯರೂ ಆದ ರಾಮಪ್ಪ ಕಾಕಾ ಅವರೇ, ಇಂದು ನಾವು ಸನ್ಮಾನಿಸುತ್ತಿರುವ ಗಾಯಕಿ ಮಂದಾಕಿನಿಬಾಯಿ ಮಡಕೈಕರ್ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಕುಂಡಯಿಯ ಕಾರ್ಖಾನೆಗಳಲ್ಲಿ ಬೆಳಗಿನ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೇ ಬಂದಿರುವ ಅಣ್ಣಂದಿರೇ, ಮಕ್ಕಳನ್ನು ಕರೆತಂದಿರುವ ತಾಯಂದಿರೇ, ಸಭಿಕರೇ.

ನನಗೆ ಮೈಕಿನ ಅಭ್ಯಾಸವಿಲ್ಲ. ಕನ್ನಡ ಎಂ.ಎ. ಮಾಡಿದವಳು ಎಂಬ ಒಂದೇ ಕಾರಣಕ್ಕೆ ನನ್ನನ್ನು ಅಭಿನಂದನಾ ಭಾಷಣಕ್ಕೆ ಆರಿಸಿದ್ದಾರೆ. ಸಾಹಿತ್ಯ ಓದಿದವರೆಲ್ಲ ಚೆನ್ನಾಗಿ ಮಾತಾಡುತ್ತಾರೆ ಎಂದು ನಂಬುವವರು ಇನ್ನೂ ಇದ್ದಾರೆಂಬುದು ಸಾಹಿತ್ಯದ ಮಟ್ಟಿಗೆ ಸಂತೋಷದ ಸಂಗತಿ. ನಾನು ನಿಧಾನವಾಗಿ ಮಾತಾಡುತ್ತೇನೆ. ಹೇಳಿದ್ದನ್ನೇ ಮತ್ತೆ ಹೇಳುವುದೂ ಉಂಟು. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ.

ನನ್ನ ಬೆನ್ನ ಹಿಂದಿನ ಬ್ಯಾನರಿನಲ್ಲಿ ‘ಸಂಗೀತದಿಂದ ಮೂರ್ಛೆರೋಗ ಗುಣಪಡಿಸಿದ ಮಹಾತಾಯಿ’ ಎಂದಿದೆ. ರಾಮಪ್ಪ ಕಾಕಾ ಪ್ರೀತಿಯಿಂದ ಬರೆಸಿದ್ದು. ಗೋವಾದಲ್ಲಿ ಅಚ್ಚಾದ ಕನ್ನಡ ಬ್ಯಾನರಿನಲ್ಲಿ ಅಕ್ಷರದ ತಪ್ಪು ಒಂದೂ ಇಲ್ಲದಿರುವುದು ಸಣ್ಣ ಮಾತಲ್ಲ. ಆದರೆ ನಾನು ಒಳಗೆ ಬರುವಾಗ ಉಸಗಾಂವದ ಸೋಮಿಬಾಯಿಯವರು ಬಾಗಿಲಲ್ಲಿ ನನ್ನನ್ನು ತಡೆದರು. ಅವರ ಮಗನಿಗೂ ಫಿಟ್ಸ್ ಇದೆ. ಬ್ಯಾನರ್ ತೋರಿಸಿ, “ಹಾಡು ಕೇಳಿದ್ರ ಗುಣ ಆಗತೈತಿ ಅಂತ ಬರದಾರಂತಲ್ಲವ್ವಾ, ಹಂಗಾರ ಗುಳಿಗಿ ಬಿಡಿಸಲೇನು?” ಎಂದರು. ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ನಾನು ಉತ್ತರ ಕೊಡದೆ ವೇದಿಕೆ ಹತ್ತಿದ್ದೇನೆ. ಆದ್ದರಿಂದ ನನ್ನ ಭಾಷಣವೇ ಅವರಿಗೆ ಉತ್ತರವಾಗಬೇಕಾಗಿದೆ.

ಬ್ಯಾನರಿನಲ್ಲಿ ಹೇಳಿರುವ ರೋಗಿ ನನ್ನ ತಂಗಿ ಹುಲಿಗೆಮ್ಮ. ಮೂರನೆಯ ಸಾಲಿನಲ್ಲಿ ನಮ್ಮ ಅವ್ವ ಲಕ್ಷ್ಮವ್ವನ ಪಕ್ಕ ಕೂತಿದ್ದಾಳೆ. ಅವಳ ವಿಷಯವನ್ನು ಸಭೆಯಲ್ಲಿ ಹೇಳಬಹುದೇ ಎಂದು ಮೊದಲೇ ವಿಚಾರಿಸಿದ್ದೆ. “ಹೇಳು. ಆದ್ರ ಬಡಬಡ ಹೇಳಿ ಮುಗಸಬ್ಯಾಡ. ನಡುವ ನಾ ಎಲ್ಲಿಗರ ಹೋಗಿದ್ರ?” ಎಂದಳು.

ಎಲ್ಲಿಗೆ ಹೋಗುವುದು? ಅದನ್ನು ಮೊದಲು ಹೇಳಬೇಕು.

ಅವಳು ಎರಡನೆಯ ಇಯತ್ತೆಯಲ್ಲಿದ್ದಾಗ ಶುರುವಾಯಿತು. ಅನ್ನದ ತುತ್ತು ಬಾಯಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಕಣ್ಣು ತೆರೆದೇ ಇರುತ್ತಿದ್ದವು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ತುಸು ಹೊತ್ತಿನ ನಂತರ ತುತ್ತು ಬಾಯಿಗೆ ಹೋಗುತ್ತಿತ್ತು. ಹೋಗಿ ಬಂದದ್ದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುತ್ತಿದ್ದುದು ಒಂದೇ, ಜಗತ್ತು ತನ್ನನ್ನು ಬಿಟ್ಟು ಒಂದು ಹೆಜ್ಜೆ ಮುಂದೆ ಹೋಗಿದೆ ಎಂಬುದು. ಶಾಲೆಯಲ್ಲಿ ಪಾಠ ಮುಂದೆ ಹೋಗಿರುತ್ತಿತ್ತು. ಕುಂಟಾಬಿಲ್ಲೆಯಲ್ಲಿ ಅವಳ ಸರದಿ ದಾಟಿರುತ್ತಿತ್ತು. ಶಾಲೆಯ ಟೀಚರು ಲಕ್ಷ್ಯವಿಲ್ಲವೆಂದು ಹೊಡೆಯುತ್ತಿದ್ದರು. ಮುಂದೊಂದು ದಿನ ನಳದ ಹತ್ತಿರ ಪೂರ್ತಿ ಬಿದ್ದು ಕೈಕಾಲು ಸೆಟೆದಾಗ ಇಡೀ ವಠಾರ ಸೇರಿತು. ಕೈಗೆ ಕಬ್ಬಿಣದ ಕೀಲಿಕೈ, ಮೂಗಿಗೆ ಚಪ್ಪಲಿ. ನಿಮಗೆಲ್ಲ ಗೊತ್ತಿರುವ ಔಷಧಗಳೇ.

ಆಮೇಲೆ ದೇವರು ಕೇಳುವುದು ಶುರುವಾಯಿತು. ನಮ್ಮ ಊರಿನ ದೇವರಾಯಿತು, ಗೋವಾದ ದೇವರಾಯಿತು. ಮೈಮೇಲೆ ಬಂದ ಪ್ರತಿಯೊಂದು ದೇವರೂ ಒಂದೊಂದು ತಿಂಗಳ ವಾಯಿದೆ ಕೊಟ್ಟಿತು. ಕೊನೆಗೆ ನಮ್ಮಪ್ಪ ಕಂಠೆಪ್ಪ, ಲೋಡಿಂಗ್ ಕೆಲಸಕ್ಕೆ ರಜೆ ಹಾಕಿ, ಎಲ್ಲರನ್ನೂ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿನ ಡಾಕ್ಟರು ಹುಬ್ಬಳ್ಳಿಯಲ್ಲಿ ಓದಿದವರು, ಕನ್ನಡ ಬಲ್ಲವರು. ಗುಳಿಗೆ ಬರೆದುಕೊಟ್ಟರು. ಅದರ ಜೊತೆಗೆ ಶಾಸ್ತ್ರೀಯ ಸಂಗೀತವನ್ನು ದಿನಾ ಸ್ವಲ್ಪ ಹೊತ್ತು ಕೇಳಿಸಿದರೆ ಕೆಲವು ಮಕ್ಕಳಿಗೆ ಅನುಕೂಲವಾದದ್ದು ಉಂಟು, ಖಚಿತವಾಗಿ ಹೇಳಲು ಬಾರದು, ಆದರೆ ಕೆಡುಕಂತೂ ಇಲ್ಲ ಎಂದರು. ಗುಳಿಗೆಯ ಬದಲಿಗಲ್ಲ, ಗುಳಿಗೆಯ ಜೊತೆಗೆ ಎಂದು ಎರಡು ಸಲ ಹೇಳಿದರು. ನಾವು ಏಳುವಾಗ ಅವರು ಹೇಳಿದ ಮಾತು ಇದು: “ಮ್ಹಾರ್ದೊಳದಾಗ ಮಂದಾಕಿನಿಬಾಯಿ ಅಂತ ಇದ್ದಾರ. ಅವರನ್ನ ದಿನಾ ಕೇಳ್ರಿ.” ಅವರ ಹಾಡು ಮೊಬೈಲಿನಲ್ಲೇ ಸಿಗುತ್ತದೆ ಎಂದೂ ಹೇಳಿದರು. ಅಷ್ಟೊತ್ತಿಗೆ ಅವ್ವ ಬಾಗಿಲು ದಾಟಿದ್ದಳು.

ಸಭಿಕರೇ, ಕನ್ನಡದಲ್ಲಿ ಕಿವಿಗೊಡುವುದಕ್ಕೂ ಪ್ರಶ್ನೆ ಹಾಕುವುದಕ್ಕೂ ಕ್ರಿಯಾಪದ ಒಂದೇ. ಡಾಕ್ಟರು ಒಂದು ಕೇಳಿ ಎಂದರು, ಅವ್ವ ಇನ್ನೊಂದನ್ನು ಕೇಳಿಸಿಕೊಂಡಳು. ಇಷ್ಟು ಓದಿದ ಡಾಕ್ಟರೇ ಒಬ್ಬರ ಹತ್ತಿರ ಕಳಿಸುತ್ತಾರೆಂದರೆ ಆ ಮಂದಾಕಿನಿಬಾಯಿ ಎಂಥ ದೊಡ್ಡ ದೇವರು ಹೇಳುವಾಕೆ ಇರಬೇಡ?

ಮರುದಿನವೇ ಅವ್ವ ತೆಂಗಿನಕಾಯಿ, ನಿಂಬೆಹಣ್ಣು, ಊದಿನಕಡ್ಡಿ ಕಟ್ಟಿಕೊಂಡು ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿದಳು. ನಾನು ಹೋದದ್ದು ಕೊಂಕಣಿಗಾಗಿ. ಶಾಲೆಗೆ ಹೋಗುತ್ತಿದ್ದ ನನಗೆ ಆ ಭಾಷೆ ಬರುತ್ತಿತ್ತು. ಮ್ಹಾರ್ದೊಳದ ಮನೆಯ ಬಾಗಿಲು ತೆರೆದಿತ್ತು. ಒಳಗೆ ತಂಬೂರಿಯ ಮುಂದೆ ಒಬ್ಬ ಹೆಂಗಸು ಕಣ್ಣು ಮುಚ್ಚಿ ಕೂತಿದ್ದರು. ಅವ್ವ ಅವರ ಮುಂದೆ ಕಾಯಿ, ನಿಂಬೆಹಣ್ಣು ಇಟ್ಟು ಅಡ್ಡಬಿದ್ದು ಕೂತಳು. ಅವರು ಆಲಾಪ ಬೆಳೆಸುತ್ತಾ ಹೋದಂತೆ ಕೈ ಮೇಲೇಳತೊಡಗಿತು, ತಲೆ ತೂಗತೊಡಗಿತು. ಅವ್ವ ನನ್ನ ತೊಡೆ ಚಿವುಟಿ ಪಿಸುಗುಟ್ಟಿದಳು: “ಸುಮ್ನ ಕುಂದರು. ಬರಾಕತ್ತೈತಿ.”

ಬಹಳ ಹೊತ್ತು ಬಂತು.

ಅವರು ಕಣ್ಣು ತೆರೆದು ನಿಂಬೆಹಣ್ಣುಗಳನ್ನು ನೋಡಿದರು, ನಮ್ಮನ್ನು ನೋಡಿದರು. ಅವ್ವ ಕೈಮುಗಿದು, “ನನ್ನ ಮಗಳು ಯಾವಾಗ ಆರಾಮ ಆಗ್ತಾಳ್ರೀ ತಾಯಿ?” ಎಂದಳು. ನಾನು ಕೊಂಕಣಿಯಲ್ಲಿ ಹೇಳಿದೆ. ಮಂದಾಕಿನಿಬಾಯಿ ಹುಲಿಗಿಯ ಮುಖವನ್ನೇ ನೋಡಿ, “ಮಾಕಾ ಖಬರ್ ನಾ. ಫಾಲ್ಯಾ ಯೋ” ಎಂದರು. ನನಗೆ ಗೊತ್ತಿಲ್ಲ, ನಾಳೆ ಬಾ.

ಮನೆಗೆ ಬಂದಾಗ ಅಪ್ಪ ನಕ್ಕದ್ದೇ ನಕ್ಕದ್ದು. “ಕೇಳಾಕ ಹೋಗಿ ಕೇಳಿ ಬಂದೇನ?” ಎಂದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಇಷ್ಟ ಮಂದಿನ್ನ ಕೇಳೇನಿ. ಗೊತ್ತಿಲ್ಲ ಅಂದಾಕಿ ಇಕಿ ಒಬ್ಬಾಕಿನ. ನಾ ನಾಳೆ ಹೋಗಾಕಿ” ಎಂದಳು.

ಹೀಗೆ ನಾವು ಹೋಗತೊಡಗಿದೆವು. ಮೊದಮೊದಲು ನನಗೆ ಆ ಹಾಡು ಅರ್ಥವಾಗುತ್ತಿರಲಿಲ್ಲ. ಒಂದೇ ಸಾಲನ್ನು ಎಷ್ಟು ಸಲ ಹಾಡುವುದು? ಎಲ್ಲೆಲ್ಲೋ ಹೋಗಿ, ಏರಿ, ಇಳಿದು, ಮತ್ತೆ ಅದೇ ಸಾಲಿಗೆ ಬರುತ್ತಿದ್ದರು. ಅದಕ್ಕೆ ಮುಖಡಾ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಆದರೆ ಹುಲಿಗಿಗೆ ಅದು ಅರ್ಥವಾಗಿತ್ತು. ಅವಳು ಹಾಡಿನ ನಡುವೆ ಹೋಗುತ್ತಿದ್ದಳು, ಮಂಕು ಕಣ್ಣು, ನಿಂತ ಕೈ. ಬಾಯಿ ಅದನ್ನು ನೋಡುತ್ತಿದ್ದರು. ಹಾಡು ನಿಲ್ಲಿಸುತ್ತಿರಲಿಲ್ಲ, ಮುಂದಕ್ಕೂ ಹೋಗುತ್ತಿರಲಿಲ್ಲ. ಮುಖಡಾದ ಸಾಲನ್ನೇ ಹಿಡಿದು ಸುತ್ತುತ್ತಿದ್ದರು. ಹುಲಿಗಿ ಕಣ್ಣು ಮಿಟುಕಿಸಿ ಮರಳಿದಾಗ ಅದೇ ಸಾಲು ಅಲ್ಲೇ ಇರುತ್ತಿತ್ತು. ಅವಳು ಏನನ್ನೂ ಕಳೆದುಕೊಂಡಿರುತ್ತಿರಲಿಲ್ಲ. ಶಾಲೆಯಲ್ಲಿ, ಆಟದಲ್ಲಿ, ಬಸ್ಸಿನಲ್ಲಿ, ಅವಳಿಗಾಗಿ ಹೀಗೆ ಯಾರು ನಿಂತಿದ್ದರು ಹೇಳಿ? ಅಂಥ ಒಂದು ಬೆಳಿಗ್ಗೆ ವಾಪಸು ಬರುವಾಗ ಬಸ್ಸಿನಲ್ಲಿ ಅವಳು, “ಅಲ್ಲಿ ಯಾರೂ ನನ್ನ ಬಿಟ್ಟು ಹೋಗಂಗಿಲ್ಲ” ಎಂದಿದ್ದಳು.

ಅವಳಿಗೆ ಫಿಟ್ಸ್ ಕಡಿಮೆಯಾಯಿತೇ? ಆಯಿತು. ಬೀಳುವುದು ನಿಂತು ವರ್ಷಗಳೇ ಆದವು. ಅದು ಗುಳಿಗೆಯಿಂದಲೋ, ಹಾಡಿನಿಂದಲೋ, ವಯಸ್ಸಿನಿಂದಲೋ? ಡಾಕ್ಟರು ಗುಳಿಗೆ ಎನ್ನುತ್ತಾರೆ, ಹಾಡನ್ನೂ ಬಿಡಬೇಡಿ ಎನ್ನುತ್ತಾರೆ. ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನಲು ನಾನು ಕಲಿತದ್ದು ಮ್ಹಾರ್ದೊಳದಲ್ಲಿ. ಸುಧಾರಿಸಿತೆಂದು ಅವ್ವ ಒಮ್ಮೆ ಗುಳಿಗೆ ನಿಲ್ಲಿಸಲು ಹೊರಟಿದ್ದಳು. ಅಂದು ಬಾಯಿ ತಂಬೂರಿಗೆ ಗವಸು ಹಾಕಿಬಿಟ್ಟರು. ಗುಳಿಗೆ ನುಂಗಿ ಬಂದ ಮೇಲೇ ಹಾಡು ಎಂದರು. ಅಂದಿನಿಂದ ಹೊಸ್ತಿಲಲ್ಲಿ ಮೊದಲ ಪ್ರಶ್ನೆ ಗುಳಿಗೆಯದೇ. ಈಗ ಭಾನುವಾರ ಹಾಡು ಕೇಳಲು ಅಲ್ಲಿ ಸೇರುವ ಇಂಥ ಎಲ್ಲ ಮಕ್ಕಳಿಗೂ ಅದೇ ಪ್ರಶ್ನೆ.

ನಾನು ಮೂಲೆಯಲ್ಲಿ ಕೂರುತ್ತಿದ್ದೆ. ಅಲ್ಲಿಂದ ಹುಲಿಗಿಯ ಮುಖ ಚೆನ್ನಾಗಿ ಕಾಣುತ್ತಿತ್ತು. ಅವಳು ಹೋದಳೆಂದು ಸನ್ನೆ ಮಾಡುವುದು ನನ್ನ ಕೆಲಸ. ಇಂದಿಗೂ ಪುಸ್ತಕ ಓದುವಾಗ ನಡುನಡುವೆ ತಲೆ ಎತ್ತುತ್ತೇನೆ, ಎದುರಿಗೆ ಯಾರೂ ಇಲ್ಲದಿದ್ದರೂ. ಮಂದಾಕಿನಿಬಾಯಿ ನನ್ನನ್ನು ಬಹಳ ವರ್ಷ ದುಭಾಷಿ ಎಂದೇ ಕರೆಯುತ್ತಿದ್ದರು. ನನ್ನ ಹೆಸರು ಸುಮಲತಾ ಎಂದು ಹೇಳುವ ಸಂದರ್ಭ ಬರಲಿಲ್ಲ. ಅದರ ಬಗ್ಗೆ ನನಗೇನೂ ಅನ್ನಿಸಿಲ್ಲ. ಇದನ್ನು ಹೇಳಬೇಕೆಂದೂ ಇರಲಿಲ್ಲ. ವಿಷಯಕ್ಕೆ ಬರುತ್ತೇನೆ.

ಬ್ಯಾನರಿನ ಮಾತು. ‘ಗುಣಪಡಿಸಿದ’ ಎಂಬಲ್ಲಿ ಯಾವ ಪದ ಇರಬೇಕಿತ್ತು ಎಂದು ಕಾಕಾ ನನ್ನನ್ನು ಕೇಳಿದ್ದರೆ ಹೀಗೆ ಹೇಳುತ್ತಿದ್ದೆ. ನನ್ನ ತಂಗಿ ಹೋದಾಗಲೆಲ್ಲ ಮಂದಾಕಿನಿಬಾಯಿ ಕಾದರು.

ನನ್ನ ತಂಗಿ ಹೋದಾಗಲೆಲ್ಲ ಮಂದಾಕಿನಿಬಾಯಿ ಕಾದರು.

ದಯವಿಟ್ಟು ಯಾರೂ ಏಳಬೇಡಿ. ಹೌದು, ಮೂರನೆಯ ಸಾಲಿನಲ್ಲೇ. ಬಹಳ ದಿನಗಳ ಮೇಲೆ ಹೋಗಿದ್ದಾಳೆ. ಅವ್ವಾ, ಸುಮ್ನ ಬಾಜೂಕ ಕುಂತಿರು, ಸಾಕು. ಕೀಲಿಕೈ ಹುಡುಕುತ್ತಿರುವ ಅಣ್ಣನವರೇ, ಅದನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಸೋಮಿಬಾಯಿಯವರೇ, ನೋಡಿದಿರಲ್ಲ. ಗುಳಿಗೆ ಬಿಡಿಸಬೇಡಿ. ಭಾನುವಾರ ಮಗನನ್ನೂ ಕರೆತನ್ನಿ.

ನನ್ನ ತಂಗಿ ಹೋದಾಗಲೆಲ್ಲ ಮಂದಾಕಿನಿಬಾಯಿ ಕಾದರು.

ನನ್ನ ತಂಗಿ ಹೋದಾಗಲೆಲ್ಲ ಮಂದಾಕಿನಿಬಾಯಿ ಕಾದರು.

ಬಂದಳು. ಇತ್ತ ನೋಡುತ್ತಿದ್ದಾಳೆ. ಹುಲಿಗಿ, ಮುಂದಿಂದು ಏನೂ ಹೇಳಿಲ್ಲ. ಅಲ್ಲೇ ಅದೇನಿ.

ಇನ್ನು ಉಳಿದಿರುವುದು ವಂದನೆಯ ಮಾತು. ಅದನ್ನು ಈಗ ಹೇಳಬಹುದು. ನನ್ನನ್ನು ಮಾತಾಡಲು ಕರೆದ ಕಾಕಾ ಅವರಿಗೆ, ಗೊತ್ತಿಲ್ಲ ಎಂದು ಹೇಳಿಯೂ ನಾಳೆ ಬಾ ಎಂದ ಮಂದಾಕಿನಿಬಾಯಿಯವರಿಗೆ, ಮತ್ತು ಈಗಷ್ಟೇ ಒಂದೇ ಸಾಲಿನ ಮೇಲೆ ನನ್ನ ಜೊತೆ ಕಾದು ಕೂತ ನಿಮಗೆಲ್ಲರಿಗೂ, ನಮಸ್ಕಾರ.