ಒಂದು ಚೌಕದಲ್ಲಿ ಇಬ್ಬರು

ಮಧ್ಯಾಹ್ನ ಊಟವಾದ ಮೇಲೆ ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಹೊರಟು ನಿಂತಿದ್ದ ಸೋದರತ್ತೆ ಚಪ್ಪಲಿ ಬಿಚ್ಚಿ ಮತ್ತೆ ಒಳಗೆ ಬಂದಳು. ಅವಳ ಮಕ್ಕಳಿಬ್ಬರೂ ದಿಂಬು ಎಳೆದುಕೊಂಡು ಕೂತರು. ಊಟದ ಮೇಜಿನ ತುಂಬ ಮನೆಯ ಮೊಮ್ಮಗಳ ವಂಶವೃಕ್ಷದ ಹಾಳೆ ಹರಡಿತ್ತು. ಆರು ತಿಂಗಳಿಂದ ಅವಳಿಗೆ ಅದೇ ಹುಚ್ಚು, ಈಗ ಅದೇ ತಲೆನೋವು. ಈ ಮನೆತನದಲ್ಲಿ ಒಬ್ಬರಿಗಾದರೂ ಒಂದೇ ಹೆಸರಿದ್ದರೆ ತಾನೆ? ಚರ್ಚಿನ ಪುಸ್ತಕದಲ್ಲಿ ಜ್ಞಾನಸ್ನಾನದ ಹೆಸರು, ನೋಂದಣಿ ಕಚೇರಿಯಲ್ಲಿ ಇನ್ನೊಂದು. ಇಬ್ಬರು ಮುತ್ತಜ್ಜಂದಿರ ಹಿಂದೆ ಮೂರು ವಾರ ಅಲೆದು, ಕೊನೆಗೆ ಅವರಿಬ್ಬರೂ ಒಬ್ಬನೇ ಎಂದು ಗೊತ್ತಾದಾಗ ಅವಳಿಗೆ ಅಳುವೇ ಬಂದಿತ್ತು. ಅಂದಿನಿಂದ ಅವಳದು ಒಂದೇ ಕಾನೂನು: ಎರಡು ಹೆಸರೂ ಹಾಳೆಯ ಒಂದೇ ಚೌಕಕ್ಕೆ, ತಾರೀಕು ತಾಳೆಯಾಗದಿದ್ದರೆ ಅದು ಪಾದ್ರಿಯ ಕೈತಪ್ಪು.

"ಚಿಕ್ಕಜ್ಜಿ, ನೀನು ಹುಟ್ಟೋಕೆ ಒಂದು ವರ್ಷ ಮೊದಲೇ ನಿನಗೆ ಜ್ಞಾನಸ್ನಾನ ಮಾಡಿಸಿಬಿಟ್ಟಿದ್ದಾರೆ," ಎಂದು ಅವಳು ಬೇಸರದಲ್ಲೇ ನಕ್ಕಳು. "ನಾನೇ ಸರಿ ಮಾಡಿದೀನಿ ಬಿಡು."

ಅಜ್ಜಿಯ ತಂಗಿಯಾದ ಚಿಕ್ಕಜ್ಜಿ ನಗಲಿಲ್ಲ. ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ನಕಲು ಬರೆದ ಹೆಂಗಸು ಅವಳು, ದಾಖಲೆಯ ವಿಷಯದಲ್ಲಿ ತಮಾಷೆ ಅವಳಿಗೆ ಆಗುತ್ತಿರಲಿಲ್ಲ.

"ಎಲ್ರೂ ಹತ್ತಿರ ಬನ್ನಿ, ಕೂಗಿ ಹೇಳೋಕೆ ನನ್ನಿಂದ ಆಗಲ್ಲ... ನಮ್ಮ ಆಫೀಸಲ್ಲಿ ಒಬ್ಬ ಗುಮಾಸ್ತ ಇದ್ದ. ಸ್ಕೇಲ್ ಇಲ್ಲದೆ ಒಂದು ಗೆರೆ ಎಳೀತಿರಲಿಲ್ಲ, ಅದಕ್ಕೇ ಸ್ಕೇಲಪ್ಪ ಅಂತಿದ್ವಿ. ಇವಳ ಹಾಗೇ ಅವನಿಗೂ ವಂಶದ ಹುಚ್ಚು ಹಿಡೀತು. ಊಟದ ಡಬ್ಬಿ ಬಿಚ್ಚಿದ್ರೂ ಮುತ್ತಜ್ಜ, ಕೈ ತೊಳೆದ್ರೂ ಮುತ್ತಜ್ಜ, ನಮಗೆಲ್ಲ ಸಾಕುಸಾಕಾಗಿತ್ತು. ಅವನ ತಾಯಿ ಇನ್ನೂ ಇದ್ಲು, ಗಟ್ಟಿ ಹೆಂಗಸು, ಎಂಬತ್ತರಲ್ಲೂ ಮಹಡಿ ಹತ್ತಿ ಬಟ್ಟೆ ಒಣಗಹಾಕೋಳು. ಅವಳ ಚೌಕ ಬರೆಯೋವಾಗ ನೋಡ್ತಾನೆ, ಸರ್ಕಾರಿ ಪುಸ್ತಕದಲ್ಲಿ ಹುಟ್ಟಿದ್ದಕ್ಕಿಂತ ಚರ್ಚಿನ ಜ್ಞಾನಸ್ನಾನ ಎರಡು ವರ್ಷ ಹಿಂದೆ. ಹುಟ್ಟದೇ ಇರೋ ಕೂಸಿನ ತಲೆ ಮೇಲೆ ಯಾರಾದ್ರೂ ನೀರು ಹಾಕ್ತಾರೇನ್ರಪ್ಪಾ? ಯೋಚನೆ ಮಾಡಬೇಕಿತ್ತೋ ಇಲ್ವೋ? ಮಾಡಲಿಲ್ಲ. ಪಾದ್ರಿ ತಪ್ಪು ಬರೆದಿದ್ದಾನೆ ಅಂತ ಎರಡನ್ನೂ ಒಂದೇ ಚೌಕಕ್ಕೆ ತುರುಕಿದ.

"ಚರ್ಚಿನ ಪುಸ್ತಕದಲ್ಲಿದ್ದದ್ದು ಅವನ ತಾಯಿ ಅಲ್ಲ ಕಣ್ರೋ... ಅವಳಿಗಿಂತ ಮೊದಲು ಹುಟ್ಟಿದ ಕೂಸು. ಬದುಕಿದ್ದು ಒಂಬತ್ತು ದಿನ. ಅವಸರಕ್ಕೆ ಚರ್ಚಲ್ಲಿ ಹೆಸರಿಟ್ರು, ನೋಂದಣಿ ಮಾಡಿಸೋಕೆ ಪುರುಸೊತ್ತೇ ಸಿಗಲಿಲ್ಲ. ಆಮೇಲೆ ಹುಟ್ಟಿದ ಇವಳಿಗೂ ಚರ್ಚಲ್ಲಿ ಆ ಹೆಸರೇ ಇಟ್ರು, ಆಗೆಲ್ಲ ಹಾಗೇ ಮಾಡ್ತಿದ್ರು. ಅದೇ ಪುಸ್ತಕದಲ್ಲಿ ಇನ್ನಿಪ್ಪತ್ತು ಹಾಳೆ ಮಗುಚಿದ್ರೆ ಇವಳ ಜ್ಞಾನಸ್ನಾನವೂ ಸಿಗ್ತಿತ್ತು, ಪುಣ್ಯಾತ್ಮ ಮಗುಚಲಿಲ್ಲ.

"ಆ ಚೌಕ ತುಂಬಿದ ಮಾರನೇ ದಿನ ಮುದುಕಿ ಅನ್ನ ಬೇಡ, ಹಾಲು ಸಾಕು ಅಂದ್ಲು. ನಾಲ್ಕನೇ ದಿನ ಮಹಡಿ ಹತ್ತಲಿಲ್ಲ. ಆರನೇ ದಿನ ಕುತ್ತಿಗೆ ನಿಲ್ಲಲಿಲ್ಲ... ಅಷ್ಟು ದೊಡ್ಡ ಹೆಂಗಸಿನ ತಲೆ, ಕೈ ಕೊಟ್ಟು ಹಿಡೀಬೇಕಿತ್ತು. ಡಾಕ್ಟರು ವಯಸ್ಸಾಯ್ತು ಅಂದ್ರು, ಅವರು ಇನ್ನೇನು ಹೇಳ್ತಾರೆ? ಮನೇಲಿ ಕರೆಯೋ ಹೆಸರಿಗೆ ಓ ಅನ್ನಲಿಲ್ಲ. ಚರ್ಚಿನ ಹೆಸರು ಹಿಡಿದು ಕರೆದ್ರೆ ಮಾತ್ರ ತಿರುಗಿ ನೋಡೋಳು, ಆ ಕಣ್ಣಿಗೆ ಮಗನ ಗುರುತೇ ಇರಲಿಲ್ಲ. ಎಂಟನೇ ದಿನ ಒಂದೇ ಒಂದು ಸಲ ಅವಳ ಸ್ವಂತ ದನಿ ಬಂತಂತೆ, ಬಸ್ಸಲ್ಲಿ ಸೀಟಿಗೆ ಜಗಳ ಆಡೋ ದನಿ: 'ಇಷ್ಟೇ ಇಷ್ಟು ಜಾಗದಲ್ಲಿ ಇಬ್ಬರನ್ನ ಕೂರಿಸಿದೀಯಲ್ಲೋ, ನಾನು ಎಷ್ಟು ಅಂತ ಸರೀಲಿ?'

"ಆಗಲಾದ್ರೂ ಬುದ್ಧಿ ಬಂತಾ? ಚಾರ್ಟು ಕೆಡುತ್ತಲ್ಲ ಅಂತ ಆ ದಿನ ಪೂರ್ತಿ ಯೋಚಿಸಿದ, ಮಹಾನುಭಾವ. ಒಂಬತ್ತನೇ ದಿನ ಚರ್ಚಿಗೆ ಓಡಿ, ಆ ಹಾಳೆ ಹುಡುಕಿ, ಮನೆಗೆ ಬಂದು, ಕೂಸಿಗೆ ಬೇರೆ ಚೌಕ ಹಾಕೋಕೆ ಸ್ಕೇಲ್ ಇಟ್ಟ... ಒಳಗಿಂದ ಹೆಂಡತಿ ಕರೆದಳು, ಮುಗೀತು ಅಂತ."

ಮೊಮ್ಮಗಳಿಗೆ ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆರು ತಿಂಗಳ ಕೆಲಸವನ್ನು ಒಂದು ಕತೆ ಹೇಳಿ ಕೆಡಿಸುವುದೇ? ವಯಸ್ಸಾದವರು ಹೋಗುತ್ತಾರೆ, ಅದಕ್ಕೂ ಚಾರ್ಟಿಗೂ ಏನು ಸಂಬಂಧ ಎಂದು ಕೇಳಿದಳು. ಅಷ್ಟಕ್ಕೂ ಚಿಕ್ಕಜ್ಜಿಗೆ ಇದ್ದ ಅಕ್ಕ ನಮ್ಮಜ್ಜಿ ಒಬ್ಬಳೇ ಅಲ್ಲವೇ, ಎಂದಳು.

"ನಿಮ್ಮಜ್ಜಿಗೂ ನನಗೂ ಮಧ್ಯೆ ಇನ್ನೊಬ್ಬಳಿದ್ಲು," ಎಂದಳು ಚಿಕ್ಕಜ್ಜಿ. "ಆರು ದಿನ ಇದ್ಲಂತೆ. ಚರ್ಚಲ್ಲಿ ನನಗಿಟ್ಟಿದ್ದು ಅವಳ ಹೆಸರೇ. ನನ್ನ ಚೌಕ ನೀನು ಯಾವತ್ತು ತುಂಬಿದೆ?"

ಮೊಮ್ಮಗಳು ಬೆರಳು ಮಡಿಸಿ ಎಣಿಸಿದಳು. "ಇವತ್ತಿಗೆ... ಐದು ದಿನ."

"ಮಧ್ಯಾಹ್ನ ನನ್ನ ತಟ್ಟೇಲಿ ಅನ್ನ ಹಾಗೇ ಉಳಿದಿತ್ತು. ಈ ಮನೇಲಿ ಒಬ್ಬರಾದ್ರೂ ನೋಡಿದ್ರಾ?"

ಹಾಗನ್ನುತ್ತಿರುವಾಗಲೇ ಅವಳ ತಲೆ ಒಂದು ಪಕ್ಕಕ್ಕೆ ವಾಲಿತು. ಅಂಗೈ ಕೊಟ್ಟು ಮೆಲ್ಲಗೆ ನೆಟ್ಟಗೆ ಮಾಡಿಕೊಂಡಳು.

"ಸ್ಕೇಲ್ ಹುಡುಕ್ತಾ ಕೂರಬೇಡ ಕಣೇ. ಸೊಟ್ಟ ಆದ್ರೂ ಪರವಾಗಿಲ್ಲ, ಅವಳಿಗೊಂದು ಚೌಕ ಹಾಕು."